ತನ್ನ ಪಾಂಪ್ಲೆಟ್ಟು ತಾನೇ ಹಂಚಿದವನು

ನಂಜನಗೂಡು
೧೪-೧೧-೧೯೯೮

ಅಣ್ಣ ಶಿವಣ್ಣನಿಗೆ ಸರ್ವಮಂಗಳೆಯ ಶರಣು.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ನಂಜೇಶ ಸಿಕ್ಕಿದ ಅಂತ ಫೋನಿನಲ್ಲಿ ಹೇಳಿದರೆ ನೀನು, “ಸದ್ಯ, ನರಸೀಪುರದ ಬೀಗರಿಗೆ ಗೊತ್ತಾಗಲಿಲ್ಲ ತಾನೆ?” ಅಂದೆ. ಉಂಡನಾ, ಪೆಟ್ಟಾಗಿದೆಯಾ ಅಂತ ಒಂದು ಮಾತು ಕೇಳಲಿಲ್ಲ. ಆವತ್ತು ಲೈನು ತಾನಾಗಿ ಕಟ್ಟಾಗಲಿಲ್ಲ, ರಿಸೀವರ್ ಕುಕ್ಕಿದವಳು ನಾನೇ. ಪಕ್ಕದ ಮನೆ ರಾಮಮ್ಮನವರ ಫೋನು ಅನ್ನುವ ಪರಿವೆಯೂ ಇರಲಿಲ್ಲ. ಅದರ ಮೇಲೆ ನಿನ್ನೆ ನಿನ್ನ ಕಾಗದ: ಮಗಳು ಬಿಂದುಶ್ರೀ ಮದುವೆ ಮುಗಿಯುವ ತನಕ ಅವನನ್ನು ಯಾವುದಾದರೂ ಆಶ್ರಮದಲ್ಲಿ ಬಿಡೋಣ, ಎಲ್ಲಿ ಬಿಡಬಹುದು ವಿಚಾರಿಸು ಅಂತ. ವಿಚಾರಿಸಿದ್ದೇನೆ. ಆದರೆ ಅದಕ್ಕೂ ಮುಂಚೆ ನಡೆದದ್ದನ್ನೆಲ್ಲ ನೀನು ಓದಲೇಬೇಕು.

ಸೋಮವಾರ ದೇವಸ್ಥಾನದ ನೂಕುನುಗ್ಗಲು ನಿನಗೆ ಗೊತ್ತು. ನಲವತ್ತು ದಾಟಿದ ನಮ್ಮ ತಮ್ಮ ಈಗಲೂ ಅಲ್ಲಿ ನನ್ನ ಸೆರಗು ಹಿಡಿದುಕೊಂಡೇ ನಡೆಯುತ್ತಾನೆ. ಹಣ್ಣುಕಾಯಿ ತಟ್ಟೆ ಇಸಕೊಂಡು ತಿರುಗಿದರೆ ಸೆರಗು ಹಗುರವಾಗಿತ್ತು. ಬೀದಿಬೀದಿ ಹುಡುಕಿದೆ. ಕೊನೆಗೆ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಕಪಿಲೆಯನ್ನೇ ನೋಡಿದೆ. ನೀರು ಜೋರಾಗಿತ್ತು. ಆಗ ಮನಸ್ಸಿಗೆ ಬಂದದ್ದನ್ನು ಬರೆಯಲು ಕೈ ಬರುವುದಿಲ್ಲ.

ಮೈಕಿನಲ್ಲಿ ಕೂಗಿಸೋಣ ಅಂದವಳು ನಾನು. ಸಿನಿಮಾ ಪ್ರಚಾರಕ್ಕೆ ಆಟೋ ಓಡಿಸುವ ದೊಡ್ಡಮಾದಯ್ಯನನ್ನು ಗೊತ್ತು ಮಾಡಿದವಳೂ ನಾನೇ. ಏನು ಕೂಗಬೇಕು ಅಂತ ಬರೆದು ನಿನಗೆ ಫೋನಿನಲ್ಲಿ ಓದಿದ್ದೆ. “ಬುದ್ಧಿ ಐದಾರು ವರ್ಷದ ಮಗುವಿನದು. ಕರೆದವರ ಹಿಂದೆ ಹೋಗುತ್ತಾನೆ. ರಸ್ತೆ ದಾಟಲು ಬರುವುದಿಲ್ಲ. ಹಸಿವಾದರೆ ಬಾಯಿಬಿಟ್ಟು ಕೇಳುವುದಿಲ್ಲ, ಹೊಟ್ಟೆ ಉಜ್ಜಿಕೊಳ್ಳುತ್ತಾನೆ. ದಯವಿಟ್ಟು ಗದರಬೇಡಿ, ಕೂರಿಸಿಕೊಳ್ಳಿ.” ನೀನು ಎಲ್ಲವನ್ನೂ ಹೊಡೆದುಹಾಕಿಸಿದೆ. ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದುಬೀಳುತ್ತದೆ ಅಂದೆ. ಅದರ ಜಾಗದಲ್ಲಿ ಏನು ಬರೆಸಿದೆ, ನೆನಪಿದೆಯಾ? “ಗೌರವಸ್ಥ ಮನೆತನದ ಶ್ರೀ ನಂಜೇಶ್‌ರವರು ವ್ಯವಹಾರ ನಿಮಿತ್ತ ಹೊರಟವರು ಹಿಂತಿರುಗಿರುವುದಿಲ್ಲ.” ಚಪ್ಪಲಿ ಎಡಬಲ ತಿಳಿಯದವನಿಗೆ ಯಾವ ವ್ಯವಹಾರವಪ್ಪಾ? ಸ್ಟೇಷನ್ನಿನಲ್ಲೂ ಅದನ್ನೇ ಹೇಳು ಅಂದೆ, ಹೇಳಿದೆ. ದೊಡ್ಡ ಗಂಡಸು, ಕೆಲಸ ಮುಗಿಸಿಕೊಂಡು ಬರುತ್ತಾರೆ ಬಿಡಿ ತಾಯಿ ಅಂದರು. ನಾವು ಹೇಳಿದ ಸುಳ್ಳಿಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟರು.

ಪಾಂಪ್ಲೆಟ್ಟಿಗೆ ನೀನು ಆರಿಸಿದ ಫೋಟೋ ಇನ್ನೂ ಚೆನ್ನ. ನಿನ್ನ ಮದುವೆಯದು. ಪೇಟ, ಕೋಟು, ಅಪ್ಪಾಜಿ ಗದರಿದ್ದಕ್ಕೆ ಬಿಗಿಯಾಗಿ ಮುಚ್ಚಿಕೊಂಡ ಬಾಯಿ. ಅವನು ಬಾಯಿ ಮುಚ್ಚಿದ್ದು ಅದೊಂದೇ ದಿನ. ಅದನ್ನು ನೋಡಿ ಹುಡುಕು ಅಂದರೆ ಹೆತ್ತವ್ವನಿಗೂ ಆಗುತ್ತಿರಲಿಲ್ಲ.

ಮಂಗಳವಾರ ಆಟೋ ಹೊರಟಿತು. ದೊಡ್ಡಮಾದಯ್ಯ ಒಂದು ಸಲ ಕ್ಯಾಸೆಟ್ಟಿಗೆ ಕೂಗಿ, ಆಮೇಲೆ ಅದನ್ನೇ ಹಾಕಿಕೊಂಡು ಹೆಮ್ಮರಗಾಲ ಸುತ್ತಿದ, ಕವಲಂದೆ ಸುತ್ತಿದ. ಎಲ್ಲೂ ಸುಳಿವಿಲ್ಲ. ನರಸೀಪುರದ ಕಡೆ ಮಾತ್ರ ಕಳಿಸಬೇಡ ಅಂತ ನೀನು ಆಣೆ ಹಾಕಿದ್ದೆ. ನಾನು ಬುಧವಾರ ಬೆಳಿಗ್ಗೆ ಅಲ್ಲಿಗೇ ಹೋಗು ಅಂತ ಅವನಿಗೆ ಹೇಳಿಕಳಿಸಿದೆ. ನಿನ್ನ ಆಣೆ ನನಗೆ ತಟ್ಟಿದರೆ ತಟ್ಟಲಿ.

ಈಗ ಕೇಳು. ಮಂಗಳವಾರ ಅಂಗಡಿಬೀದಿ ದಾಟುವಾಗಲೇ ನಂಜೇಶ ಆ ಆಟೋ ಹತ್ತಿದ್ದಾನೆ! ಮೈಕು ಅಂದರೆ ಅವನಿಗೆ ಪ್ರಾಣವಲ್ಲವಾ? ಅದರ ಹಿಂದೆ ಓಡಿದ್ದಾನೆ, ಬಿದ್ದ ಪಾಂಪ್ಲೆಟ್ಟು ಆಯ್ದು ಜನಕ್ಕೆ ಕೊಟ್ಟಿದ್ದಾನೆ, ಹಿಂದಿನ ಸೀಟಿನಲ್ಲಿ ಕೂತಿದ್ದಾನೆ. ಹಳ್ಳಿಹಳ್ಳಿಯಲ್ಲೂ ಇಳಿದು ತನ್ನ ಪಾಂಪ್ಲೆಟ್ಟು ತಾನೇ ಹಂಚಿದ್ದಾನೆ. ಸೋಮವಾರ ರಾತ್ರಿ ಎಲ್ಲಿದ್ದನೋ ದೇವರಿಗೇ ಗೊತ್ತು, ಮಂಗಳವಾರ ರಾತ್ರಿ ದೊಡ್ಡಮಾದಯ್ಯನ ಜಗಲಿಯಲ್ಲೇ ಮಲಗಿದ್ದಾನೆ. ನಾನಿಲ್ಲಿ ಅನ್ನ ನೀರು ಬಿಟ್ಟು ಕೂತಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುವ ಗಾದೆಯನ್ನು ನಾವು ಮೈಕು ಕಟ್ಟಿ ನಡೆಸಿ ತೋರಿಸಿದೆವು.

ದೊಡ್ಡಮಾದಯ್ಯನನ್ನು ಹಿಡಿದು ಬೈದೆ. “ಅಯ್ಯೋ ನಮ್ಮವ್ವ, ನಿಮ್ಮನೆ ಕಡೆಯೋರು ಅನ್ಕಂಡೆ ಕಣವ್ವ. ಪಾಂಪ್ಲೆಟ್ ಅಂಚಕೆ ನೀವೇ ಕಳ್ಸವ್ರೆ ಅಂತ. ನೀವು ಯವಾರಸ್ತರು ಕಾಣ್ತಿಲ್ಲ ಅಂದ್ರಿ, ನಾನು ಯವಾರಸ್ತರನ್ನ ಉಡುಕ್ತಿದ್ದೆ,” ಅಂದ. ಅವನು ಹುಡುಕುತ್ತಿದ್ದ ಮನುಷ್ಯ ನಿನ್ನ ಕಲ್ಪನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಇದನ್ನು ಕೇಳಿದಾಗ ಮಾತ್ರ ನನಗೆ ಅಳು ತಡೆಯಲಾಗಲಿಲ್ಲ, ಅಣ್ಣ. ಪಾಂಪ್ಲೆಟ್ಟು ಕೊಡುವಾಗೆಲ್ಲ ನಂಜೇಶ ಫೋಟೋ ಮೇಲೆ ಬೆರಳಿಟ್ಟು “ನಾನು, ನಾನು” ಅನ್ನುತ್ತಿದ್ದನಂತೆ. ಜನ ನಕ್ಕು, ಮಡಚಿ ಜೇಬಿಗೆ ಹಾಕಿಕೊಂಡು ಹೋದರಂತೆ. ಅವನ ಮಾತು ನಂಬಿದವರು ಒಬ್ಬರೇ, ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ಒಬ್ಬ ತಾಯಿ. ಅವನು ಹೊಟ್ಟೆ ಉಜ್ಜಿಕೊಳ್ಳುವುದು ನೋಡಿ ಒಳಗೆ ಕರೆದು ಮುದ್ದೆ ಇಕ್ಕಿದ್ದಾರೆ. “ಇದು ನೀವೇನಾ?” ಅಂತ ಇನ್ನೊಮ್ಮೆ ಕೇಳಿ, ಪಾಂಪ್ಲೆಟ್ಟಿನಲ್ಲಿದ್ದ ರಾಮಮ್ಮನವರ ನಂಬರಿಗೆ ಫೋನ್ ಮಾಡಿಸಿದ್ದಾರೆ. ನಾನು ಬಸ್ಸು ಹಿಡಿದು ಹೋದಾಗ ಅವರ ಜಗಲಿಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿದ್ದ. ನನ್ನನ್ನು ನೋಡಿ ನನಗೂ ಒಂದು ಪಾಂಪ್ಲೆಟ್ಟು ಕೊಟ್ಟ.

ನಿಶ್ಚಿತಾರ್ಥಕ್ಕೆ ಅವನನ್ನು ರಾಮಮ್ಮನವರಲ್ಲಿ ಬಿಟ್ಟು ಬಾ ಅಂದೆ, ಬಿಟ್ಟು ಬಂದೆ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿದೆ, ನಿನ್ನ ಷಡ್ಡಕನ ಹೆಸರೂ ಇದೆ, ಒಡಹುಟ್ಟಿದವನ ಹೆಸರಿಲ್ಲ. ನೀನು ಕೆಟ್ಟವನಲ್ಲ, ಮಗಳ ಬಾಳಿಗೆ ಹೆದರಿದ್ದೀಯ, ನನಗೂ ಅರ್ಥವಾಗುತ್ತದೆ. ಆದರೆ ಆ ಹೆದರಿಕೆಯಲ್ಲಿ ಅವನು ಹೊಳೆಪಾಲಾಗಬಹುದಿತ್ತು. ಆಶ್ರಮಕ್ಕೆ ಬಿಡುವುದಿಲ್ಲ. ಮದುವೆಗೆ ಅವನು ಬರುತ್ತಾನೆ.

ಬಿಂದುಗೆ ನನ್ನ ಮುತ್ತು. ಅತ್ತಿಗೆಗೆ ಶರಣು. ಇಷ್ಟು ಬೈದ ಮೇಲೂ,

ನಿನ್ನ ತಂಗಿ,
ಸರ್ವಮಂಗಳಾ

ತಾ.ಕ.: ಆ ತಾಯಿಯ ಹೆಸರನ್ನು ಬೇಕೆಂದೇ ಕೊನೆಗೆ ಇಟ್ಟೆ, ಮೊದಲೇ ಹೇಳಿದ್ದರೆ ನೀನು ಮಿಕ್ಕಿದ್ದನ್ನು ಓದುತ್ತಿರಲಿಲ್ಲ. ಅವರು ಮಂಗಳಮ್ಮನವರು, ನಿನ್ನ ಬೀಗಿತ್ತಿ. ನಿಶ್ಚಿತಾರ್ಥದಲ್ಲಿ ಕಂಡಿದ್ದ ನನ್ನನ್ನು ಬಾಗಿಲಲ್ಲಿ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು. “ಇಷ್ಟಕ್ಕೆ ಇಷ್ಟು ಮುಚ್ಚಿಟ್ರಾ?” ಅಂದರು, ಅಷ್ಟೆ. ಮದುವೆಯ ಹೊತ್ತಿಗೆ ನಂಜೇಶನನ್ನು ಎಲ್ಲಿ ಬಿಡಬೇಕು ಅಂತ ನೀನು ಕೇಳಿದ್ದೆಯಲ್ಲ, ಅವರ ಮನೆಯಲ್ಲಿ. ಬೀಗರ ಬಸ್ಸಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಮೈಸೂರಿಗೆ ಕರೆತರುತ್ತಾರಂತೆ. ಗಂಡಿನ ಕಡೆಯವರನ್ನು ಎದುರುಗೊಳ್ಳಲು ನೀನು ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿರುತ್ತೀಯಲ್ಲ, ಅವರ ಜೊತೆ ಇಳಿಯುವವನು ನಿನ್ನ ತಮ್ಮ. ಅವನಿಗೂ ಪನ್ನೀರು ಹಾಕು.