ಯಂತ್ರ ತಣ್ಣಗಿದೆ, ನಾವು ಹೊರಗಿದ್ದೇವೆ

ಆಸ್ಪತ್ರೆಯ ಅಧೀಕ್ಷಕರೇ,

ನಿಮ್ಮ ಚರ್ಮ ವಿಭಾಗದ ಕೊನೆಯ ಕೋಣೆಯಲ್ಲಿ ಒಂದು ಯಂತ್ರವಿದೆ. ಚರ್ಮವನ್ನು ಕತ್ತರಿಸದೆ, ಬರೀ ಬೆಳಕು ಹಾಯಿಸಿ, ಒಳಗಿರುವುದು ಕ್ಯಾನ್ಸರೋ ಸಾಮಾನ್ಯ ಮಚ್ಚೆಯೋ ಎಂದು ತಿಳಿಯಲು ಅದು ವೈದ್ಯರಿಗೆ ನೆರವಾಗುತ್ತದೆ. ಆ ಕೋಣೆಗೆ ನೀವು ಬೀಗ ಹಾಕಿಸಿದ್ದೀರಿ. ದಯವಿಟ್ಟು ತೆಗೆಸಿ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನೇ ಹೇಳಿದ ನನ್ನ ಅರ್ಜಿಗಳಿಗೆ ಉತ್ತರ ಬಾರದ್ದರಿಂದ ಉಳಿದದ್ದನ್ನೂ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ನನ್ನ ಅಣ್ಣ ಅಂಗಡಿಗಳ ಬೋರ್ಡ್ ಬರೆಯುವವನು. ಏಣಿಯ ಮೇಲೆ, ಬಿಸಿಲಲ್ಲೇ ಆಯಸ್ಸು ಕಳೆದಿದ್ದಾನೆ. ಮೊದಲು ಕಿವಿಯ ಮೇಲೆ, ಆಮೇಲೆ ಮೂಗಿನ ಪಕ್ಕ ಕಪ್ಪು ಮಚ್ಚೆ ಎದ್ದಾಗ ಪರೀಕ್ಷೆಗೆಂದು ಚೂರು ತೆಗೆದರು. ಎರಡೂ ಸಲ ಏನೂ ಇರಲಿಲ್ಲ, ಗಾಯದ ಗುರುತು ಮಾತ್ರ ಉಳಿಯಿತು. ಈಗ ಎಡಗಣ್ಣಿನ ಕೆಳರೆಪ್ಪೆಯ ಅಂಚಿನಲ್ಲಿ ಇನ್ನೊಂದು ಬಂದಿದೆ, ಬೆಳೆಯುತ್ತಲೂ ಇದೆ. ಅಲ್ಲಿಂದಲೂ ಚೂರು ತೆಗೆಯಬೇಕು ಎಂದಾಗ ಅಣ್ಣ ಕುರ್ಚಿ ಬಿಟ್ಟು ಎದ್ದೇಬಿಟ್ಟ. "ನಾನೇನು ನಿನ್ನ ಅಂಗಡಿ ಬಟ್ಟೆನಾ, ಸ್ಯಾಂಪಲ್‌ಗೆ ಅಂತ ಕತ್ತರಿಸ್ತಾ ಇರೋಕೆ? ರೆಪ್ಪೆ ಜೋತುಬಿದ್ರೆ ನಾನು ಕೆಲಸ ಮಾಡೋದು ಹೇಗೆ?" ಎಂದು ನನ್ನ ಮೇಲೆಯೇ ರೇಗಿದ.

ಡಾಕ್ಟರಮ್ಮ ಒಳ್ಳೆಯವರು. "ಆ ಮಷೀನಲ್ಲಿ ನೋಡಿದ್ರೆ ಕತ್ತರಿಸ್ಬೇಕೋ ಬೇಡ್ವೋ ಅಂತ ಬಹಳ ಮಟ್ಟಿಗೆ ಗೊತ್ತಾಗುತ್ತಮ್ಮ. ನನಗೆ ನಡೆಸೋಕೂ ಬರುತ್ತೆ. ಆದ್ರೆ ಆರ್ಡರ್ ಇಲ್ವಲ್ಲ," ಎಂದರು. ಯಂತ್ರ ನಡೆಸುವವರ ಹುದ್ದೆ ಖಾಲಿಯಂತೆ. ಅದು ತುಂಬುವವರೆಗೆ ಬಲ್ಲವರೂ ಮುಟ್ಟುವಂತಿಲ್ಲವಂತೆ. ಭಲೇ! ಯಂತ್ರಕ್ಕೆ ಸೆಕೆಯಾಗಬಾರದೆಂದು ಒಳಗೆ ದಿನವಿಡೀ ಏಸಿ ಓಡುತ್ತದೆ, ಹೊರಗಿನ ಬೆಂಚಿನಲ್ಲಿ ನಾವು ಚೀಟಿಯಿಂದ ಗಾಳಿ ಬೀಸಿಕೊಳ್ಳುತ್ತೇವೆ. ಈವರೆಗೆ ಅದು ನೋಡಿರುವುದು ಒಂದೇ ಒಂದು ಮಚ್ಚೆಯನ್ನು, ಉದ್ಘಾಟನೆಗೆ ಬಂದ ಅತಿಥಿಗಳ ಮಣಿಕಟ್ಟಿನದನ್ನು, ಅದೂ ಫೋಟೊಗಾಗಿ. ಅವರಿಗೆ ಏನೂ ಇಲ್ಲವೆಂದು ತಿಳಿದು ನಮಗೂ ಸಮಾಧಾನವಾಯಿತು.

ಯಂತ್ರ ಪವಾಡ ಮಾಡುತ್ತದೆಂಬ ಭ್ರಮೆ ನನಗಿಲ್ಲ. ಅನುಮಾನ ಕಂಡರೆ ಕೊಯ್ಯಲೇಬೇಕು, ಒಪ್ಪಿದೆ. ನೋಡುವ ದಾರಿಯಿದ್ದೂ ನೋಡದೆ ಕೊಯ್ಯುವುದೇಕೆ? ತಡ ಮಾಡಿದರೆ ಅಪಾಯ ಎಂದು ನಿಮ್ಮ ಗೋಡೆಗೆ ಅಂಟಿಸಿದ್ದೀರಲ್ಲ, ಅದು ರೋಗಿಗಳಿಗೆ ಮಾತ್ರವೇ? ಸಿಟ್ಟು ಮಾಡಿಕೊಳ್ಳಲೂ ತ್ರಾಣವಿಲ್ಲ ಸ್ವಾಮಿ, ನಿಮ್ಮ ಮೆಟ್ಟಿಲು ಹತ್ತಿಳಿದು ಸಾಕಾಗಿ ಹೋಗಿದೆ.

ಮೊನ್ನೆ ಊಟಕ್ಕೆ ಕರೆಯಲು ಹೋದರೆ, ಅಣ್ಣ ಎಡಗಣ್ಣಿಗೆ ಕರ್ಚೀಫು ಕಟ್ಟಿಕೊಂಡು ಹಳೆಯ ತಗಡಿನ ಮೇಲೆ ಅಕ್ಷರ ಬರೆಯುತ್ತಿದ್ದ. ಸಾಲು ಓರೆಯಾಗಿತ್ತು.

"ಏನಣ್ಣಾ ಇದು?"

"ನೀನು ಅಳೋದು ನೋಡೋಕಾಗಲ್ಲ ಕಣೇ. ಗುರುವಾರ ಹೋಗಿ ಕೊಯ್ಸ್ಕೊಂಡು ಬರೋಣ. ಅಷ್ಟರಲ್ಲಿ ಒಂದು ಕಣ್ಣಲ್ಲಿ ಬರೆಯೋದು ರೂಢಿ ಮಾಡ್ಕೋತಿದೀನಿ."

ಅಧೀಕ್ಷಕರೇ, ಡಾಕ್ಟರಮ್ಮನಿಗೆ ಅನುಮತಿ ಕೊಟ್ಟು ಒಂದು ಸಹಿ ಹಾಕಿ. ಗುರುವಾರ ಬೆಳಿಗ್ಗೆ ಅವನನ್ನು ಕರೆತರುತ್ತೇನೆ. ಆಗಲ್ಲ ಎನ್ನುವುದಾದರೆ ಅದನ್ನು ನನಗೆ ಹೇಳಬೇಡಿ, ಅವನೆದುರು ನಿಂತು, ಅವನ ಎರಡೂ ಕಣ್ಣು ನೋಡಿ ಹೇಳಿ.

ಇಂತಿ,
ನಿಮ್ಮ ಹೊರಬೆಂಚನ್ನು ಕೂತು ಸವೆಸಿದ,
ಬೋರ್ಡ್ ಬರೆಯುವವನ ತಂಗಿ