ಫೋಟೋದಲ್ಲಿರುವ ಟಗರು ಮಾರಾಟಕ್ಕಿಲ್ಲ

ಬ್ರಹ್ಮಪುರ, ಕಲಬುರಗಿ
ಶುಕ್ರವಾರ

ಕಮಲಾಪುರದ ಅತ್ತೆ ಮಾಳಮ್ಮನವರ ಪಾದಕ್ಕೆ ಅಳಿಯನ ಶರಣು.

ನಿಮ್ಮ ದೊಡ್ಡಿಯ ಕುರಿಗಳನ್ನು ಆನ್‌ಲೈನಿನಲ್ಲಿ ಮಾರಿಕೊಡುವ ಮಹತ್ಕಾರ್ಯವನ್ನು ನಾನಾಗಿಯೇ ಮೈಮೇಲೆ ಹಾಕಿಕೊಂಡೆ. ಎಲ್ಲಕ್ಕಿಂತ ಠೀವಿಯ ಟಗರಿನ ಫೋಟೋ ಹಾಕಿದೆ. ಇಲ್ಲಿನ ಗಂಜ್ ಮಾರ್ಕೆಟ್ಟಿನ ಗಿರಾಕಿಯೊಬ್ಬ, "ಫೋಟೋದಾಗಿಂದೇ ಬೇಕ್ರೀ, ಬ್ಯಾರೆ ತೋರಿಸಬ್ಯಾಡ್ರಿ" ಎಂದು ಪಟ್ಟು ಹಿಡಿದ. ಮೊದಲ ಗಿರಾಕಿಯೆಂದು ಹೂಂ ಅಂದೆ.

ನಿನ್ನೆ ನಿಮ್ಮ ಮಗಳು ಆ ಫೋಟೋ ನೋಡಿ, "ಅಯ್ಯ, ನನ್ನ ಹೆರಿಗಿ ಸಲೀಸಾಗ್ಲಿ ಅಂತ ಅವ್ವ ಮರಗಮ್ಮಗ ಹರಕಿ ಹೊತ್ತ ಟಗರದು! ಎಷ್ಟು ಛಂದ ಬಂದದ ನೋಡ್ರಿ" ಎಂದು ಹಿಗ್ಗಿದಳು. ನಾನೂ ಹಿಗ್ಗಿದಂತೆ ನಟಿಸಿದೆ. ಮಾರಿದ ಸುದ್ದಿ ಅವಳಿಗೆ ಗೊತ್ತಿಲ್ಲ. ಫೋನ್ ಮಾಡಿದರೆ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಬಸ್ ಕಂಡಕ್ಟರನ ಕೈಯಲ್ಲಿ ಈ ಪತ್ರ.

ಗಿರಾಕಿ ಭಾನುವಾರ ಜೀಪು ತರುತ್ತಾನೆ. ಅಷ್ಟರೊಳಗೆ ಟಗರನ್ನು ಪೂಜಾರಿಯ ಮನೆಯಲ್ಲಿ ಕಟ್ಟಿಸಿರಿ. ಅವನಿಗೆ ಬೇರೆಯದು ತೋರಿಸಿ, ಬೈಗುಳವನ್ನೆಲ್ಲ ನನ್ನ ಕಡೆ ಕಳಿಸಿರಿ.

ಹರಕೆಯನ್ನೆಲ್ಲ ನಂಬುವುದಿಲ್ಲವೆಂದು ನಿಮ್ಮೆದುರು ಭಾಷಣ ಬಿಗಿದವನು ನಾನೇ. ಈಗಲೂ ನಂಬುವುದಿಲ್ಲ. ಆದರೆ ಡಾಕ್ಟರು ಸೋಮವಾರ ಅಡ್ಮಿಟ್ ಮಾಡಿ ಎಂದಿದ್ದಾರೆ. ಮರಗಮ್ಮನ ಗುಡಿಯಲ್ಲಿ ಒಂದು ಕಾಯಿ ಒಡೆಸಿ, ತಪ್ಪು ಅಳಿಯನದು, ಮಗಳದಲ್ಲ ಎಂದು ದೇವಿಗೆ ಸ್ವಲ್ಪ ಬಿಡಿಸಿ ಹೇಳಿರಿ.

ನಿಮ್ಮ ಅಳಿಯ
ಭೀಮಾಶಂಕರ