ಮುಂದಿನ ಚಕ್ರದಡಿಯ ಹಲಗೆ

ಭಾನುವಾರ, ಬೆಳಗಿನ ಕಾಫಿಯ ಹೊತ್ತು

ನನ್ನ ಮುದ್ದು ಫ್ರಿಜ್ ರಿಪೇರಿಯವಳೇ,

ಫೋನ್ ಮಾಡಿದರೆ ನನಗೆ ಮಾತು ಮುಗಿಸಲು ಬಿಡುವುದಿಲ್ಲ ನೀನು. ತಂಗುದಾಣದಲ್ಲಿ ನಮ್ಮ ಪಕ್ಕದ ಗಾಡಿಯವರು ಇವತ್ತು ನಿಮ್ಮ ಊರಿಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಚಕ್ರದ ಮೇಲಿನ ನಮ್ಮ ಮನೆಯೂ ಚೆನ್ನಾಗಿದೆ. ನಿನ್ನಪ್ಪನ ಇನ್ಸುಲಿನ್ ತಣ್ಣಗಿದೆ. ಇಷ್ಟು ಓದಿಕೊಂಡು ಆಮೇಲೆ ಸಿಟ್ಟು ಮಾಡಿಕೋ.

ಗ್ಯಾಸ್ ಉರಿಯಲ್ಲಿ ನಡೆಯುವ ನಮ್ಮ ಗಾಡಿಯ ಫ್ರಿಜ್ಜಿಗೆ ನೀನು ಕೂರಿಸಿದ ಕಾವಲು ಪೆಟ್ಟಿಗೆ ಮತ್ತೆ ಗ್ಯಾಸ್ ಆರಿಸಿತು. ಹಿಂದಿನ ಕೊಳವೆ ವಿಪರೀತ ಕಾದರೆ ಅದು ಆರಿಸಲೇಬೇಕು, ಇಲ್ಲದಿದ್ದರೆ ಗಾಡಿಗೇ ಬೆಂಕಿ ಎಂದು ನೀನೇ ಹೇಳಿದ್ದೆ. ಇನ್ನೊಂದು ಸಲ ಹೀಗಾದರೆ ಅಲ್ಲಿಂದಲೇ ವಾಪಸ್ ಬರಬೇಕು ಎಂದು ಆಣೆಯನ್ನೂ ಹಾಕಿಸಿಕೊಂಡಿದ್ದೆ. ಸಮುದ್ರ ಇಲ್ಲಿಂದ ಒಂದೇ ದಿನದ ದಾರಿ. ಮದುವೆಯಾದಾಗಿನಿಂದ ತೋರಿಸುತ್ತೇನೆ ಎನ್ನುತ್ತಲೇ ಇದ್ದಾರೆ ನಿನ್ನಪ್ಪ. ಇಷ್ಟು ದೂರ ಬಂದು ನಾನು ತಿರುಗಿ ಬರುವವಳೇ?

ಮೊದಲು ಸಂಶಯ ಬಂದದ್ದು ಕಾಲುಚೀಲದ ಮೇಲೆ. ಫ್ರಿಜ್ಜಿನ ಹಿಂದಿನ ಬಿಸಿಗಾಳಿ ಹೊರಹೋಗುವ ಜಾಲರಿಗೆ ನಿನ್ನಪ್ಪ ಒದ್ದೆ ಕಾಲುಚೀಲ ಸಿಕ್ಕಿಸಿ ಒಣಗಿಸುತ್ತಿದ್ದರು. ಕೇಳಿದರೆ, ಪುಕ್ಕಟೆ ಶಾಖ ಯಾಕೆ ಹಾಳು ಮಾಡೋದು ಅಂದರು. ಬಾಯಿಗೆ ಬಂದಂತೆ ಬೈದು ಎಲ್ಲ ಕಿತ್ತುಹಾಕಿದೆ, ಜಾಲರಿಯ ಧೂಳೂ ತೆಗೆದೆ. ಮಾರನೆಯ ಬೆಳಿಗ್ಗೆ ನೋಡಿದರೆ ಕಾವಲು ಪೆಟ್ಟಿಗೆಯಲ್ಲಿ ಮತ್ತೆ ಕೆಂಪು ದೀಪ. ಹಾಲು ಒಡೆದಿತ್ತು. ಇನ್ಸುಲಿನ್ ಹಿಡಿದು ಪಕ್ಕದ ಗಾಡಿಯವರ ಫ್ರಿಜ್ಜಿಗೆ ಓಡಿದೆ.

ಗಾಡಿ ವಾಲಿ ನಿಂತರೆ ಒಳಗಿನ ದ್ರವ ಇಳಿಯದೆ ಕೊಳವೆ ಕಾಯುತ್ತದೆ ಎಂದಿದ್ದೆಯಲ್ಲ, ಅದನ್ನು ನಾನು ತಲೆಗೇ ಹಾಕಿಕೊಂಡಿರಲಿಲ್ಲ. ನಿನ್ನಪ್ಪ ಜೀವಮಾನವೆಲ್ಲ ಗಾರೆ ಕೆಲಸ ಮಾಡಿದ ಮನುಷ್ಯ. ಊಟದ ಮೇಜು ಸೊಟ್ಟಗಿದ್ದರೆ ತುತ್ತು ಇಳಿಯುವುದಿಲ್ಲ ಅವರಿಗೆ. ದಿನಾ ಸಂಜೆ ನನ್ನ ಕಣ್ಣೆದುರೇ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಗಾಡಿ ಸರಿಮಾಡುತ್ತಿದ್ದರು. ನಿನ್ನೆ ಅವರು ಏಳುವ ಮುಂಚೆ ನಾನೇ ಇಟ್ಟು ನೋಡಿದೆ. ಗುಳ್ಳೆ ಮೂಲೆ ಸೇರಿತ್ತು. ಕೆಳಗಿಳಿದು ಬಗ್ಗಿದರೆ, ಮುಂದಿನ ಎರಡೂ ಚಕ್ರದಡಿ ದಪ್ಪ ಹಲಗೆ. ನಾನು ಸ್ನಾನಕ್ಕೆ ಹೋದಾಗ ಜಾಕ್ ಏರಿಸಿ ಇಡುತ್ತಿದ್ದರಂತೆ.

ನಿಲ್ಲಿಸಿ ಕೇಳಿದೆ. ತಲೆ ಕಡೆ ಎತ್ತರ ಇದ್ದರೆ ನಿನಗೆ ನಿದ್ದೆ ಬರುತ್ತಲ್ಲ, ಅದಕ್ಕೇ ಅಂದರು. ನನ್ನ ಕುತ್ತಿಗೆ ನೋವಿಗೆ ಈ ಉಪಚಾರ. ಔಷಧಿ ಕೆಟ್ಟರೆ ನಿಮ್ಮ ಗತಿ ಏನು ಅಂದೆ. ಅದು ಅಂಗಡಿಯಲ್ಲಿ ಸಿಗುತ್ತೆ, ನಿನ್ನ ನಿದ್ದೆ ಸಿಗುತ್ತಾ ಅಂದರು.

ಹಲಗೆ ತೆಗೆಸಿದ್ದೇನೆ. ಕೊಳವೆ ಸೋರಿ ಅಮೋನಿಯಾ ವಾಸನೆ ಬರುತ್ತಿದೆಯೇ ಎಂದು ಮೂಗಿಟ್ಟು ನೋಡಿದೆ, ಇಲ್ಲ. ನಿನ್ನೆಯಿಂದ ಕೆಂಪು ದೀಪ ಹತ್ತಿಲ್ಲ, ಇನ್ಸುಲಿನ್ ಮತ್ತೆ ನಮ್ಮ ಫ್ರಿಜ್ಜಿಗೇ ಬಂದಿದೆ. ತಪ್ಪು ಫ್ರಿಜ್ಜಿನದಲ್ಲ ಎಂದ ಮೇಲೆ ನಿನ್ನ ಆಣೆಯೂ ಲೆಕ್ಕಕ್ಕಿಲ್ಲ. ನಾಳೆ ಸಮುದ್ರಕ್ಕೆ ಹೊರಡುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಹಟಮಾರಿ
ಅಮ್ಮ

ಕೊನೆಗೊಂದು ಮಾತು: ನಿನ್ನಪ್ಪ ಪತ್ರ ಓದಿದರು. ಪೆನ್ನನ್ನು ಮತ್ತೆ ನನ್ನ ಕೈಗಿಟ್ಟರು. ನನ್ನದು ಕುತ್ತಿಗೆ ನೋವಲ್ಲ, ಮಗಳೇ. ಹೊರಟ ವಾರದಿಂದಲೂ ಮಟ್ಟಸವಾಗಿ ಮಲಗಿದರೆ ನನಗೆ ಉಸಿರು ಕಟ್ಟುತ್ತದೆ. ನಿನಗೆ ಹೇಳಕೂಡದೆಂದು ಅವರಿಂದ ಮಾತು ತೆಗೆದುಕೊಂಡಿದ್ದೆ. ಹಲಗೆ ಇಲ್ಲದ್ದರಿಂದ ನಿನ್ನೆ ರಾತ್ರಿ ಅವರು ಗೋಡೆಗೊರಗಿ ಕೂತರು, ನಾನು ಅವರ ಎದೆಗೊರಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದಾಗಲೂ ಅವರು ಹಾಗೇ ಕೂತಿದ್ದರು. ಸಮುದ್ರ ಇನ್ನೊಂದು ಸಲ ನೋಡೋಣ, ನೀನೂ ಬಾ. ಈಗಲೇ ಗಾಡಿ ತಿರುಗಿಸುತ್ತಿದ್ದೇವೆ. ಡಾಕ್ಟರಿಗೆ ಹೇಳಿಡು. ಮನೆ ಮುಂದೆ ಮಟ್ಟಸವಾದ ಜಾಗ ಬಿಟ್ಟಿರು, ಅವರ ಇನ್ಸುಲಿನ್ ಗಾಡಿಯ ಫ್ರಿಜ್ಜಿನಲ್ಲೇ ಇದೆ.